ಕಾಡಿಗೆ ಬೆಂಕಿ ಒಳ್ಳೆಯದೂ ಆಗುತ್ತದೆಯೇ?

ಪ್ರಶ್ನೆ: ಬೇಸಿಗೆಯಲ್ಲಿ ನಮ್ಮ ಸೂಳೆಕೆರೆ ಸುತ್ತಿನ ಗುಡ್ಡಗಳಿಗೆ ಬೆಂಕಿ ಬೀಳುತ್ತದೆ. ಇದನ್ನು ತಡೆಯಲು ವಿಜ್ಞಾನದಲ್ಲಿ ದಾರಿ ಇದೆಯೇ?
– ಓದುಗರೊಬ್ಬರು, ಕೆರೆಬಿಳಚಿ

ಉತ್ತರ: ಇದೆ. ಆದರೆ ಎಲ್ಲ ಬೆಂಕಿಯೂ ಒಂದೇ ಅಲ್ಲ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆಯ ಆರಂಭದಲ್ಲೇ ‘ತರಗು ಬೆಂಕಿ’ ಹಾಕುತ್ತಿದ್ದರು. ಒಣಗಿದ ಎಲೆಯಷ್ಟೇ ಸುಡುವ, ಮರದ ಬುಡ ದಾಟದ ಸಣ್ಣ ಉರಿ ಅದು. 1974ರಲ್ಲಿ ಅಭಯಾರಣ್ಯವಾದ ಮೇಲೆ ಆ ಪದ್ಧತಿ ನಿಂತಿತು. ಲಂಟಾನ ಪೊದೆ ಹಬ್ಬಿತು. ನೆಲ್ಲಿಮರಗಳಿಗೆ ಬಂದಳಿಕೆ ಹತ್ತಿತು. ಬೆಂಕಿ ನಿಂತದ್ದೇ ಇದಕ್ಕೆ ಕಾರಣವೆಂದು ಸೋಲಿಗರು ಹೇಳುತ್ತ ಬಂದರು. ‘ಏಟ್ರೀ’ ಪರಿಸರ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅಳೆದು ನೋಡಿದಾಗ, 1997ರಿಂದ 2008ರೊಳಗೆ ಲಂಟಾನದ ಹರವು ಸುಮಾರು ಇಮ್ಮಡಿಯಾಗಿತ್ತು. ಕಾಡು ಬಲ್ಲವರ ಮಾತನ್ನು ಮೊದಲೇ ಕೇಳಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ಪೊದೆ ದಟ್ಟವಾದಲ್ಲಿ ಉರಿ ಮರದ ಎತ್ತರಕ್ಕೆ ಏರುತ್ತದೆ. ಮಳೆಗಾಲದಲ್ಲಿ ಸೊಂಪಾಗಿ ಬೆಳೆದದ್ದು, ಬಿಸಿಲು ಹೆಚ್ಚುತ್ತಿರುವ ಈ ಕಾಲದಲ್ಲಿ ಬೇಗ ಒಣಗಿ ಸೌದೆಯಾಗುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿಕೊಂಡಾಗ ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿಯಬೇಕಾಯಿತು.

ಈಗ ಉಪಗ್ರಹಗಳು ನೆಲದ ಶಾಖ ಗುರುತಿಸುತ್ತವೆ; ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಅರಣ್ಯ ಸಿಬ್ಬಂದಿಗೆ ಮೊಬೈಲ್ ಸಂದೇಶ ಕಳಿಸುತ್ತದೆ. ನಿಮ್ಮ ಜಿಲ್ಲೆಯದೇ ಆದ ಜಗಳೂರಿನ ರಂಗಯ್ಯನದುರ್ಗದ ಕುರುಚಲು ಕಾಡಿನಲ್ಲಿ ಕೊಂಡುಕುರಿಗಳಿವೆ. ಅಲ್ಲಿ ಹುಲ್ಲು ಒಣಗುವ ಮುಂಚೆ ಬೆಂಕಿರೇಖೆ (ಉರಿ ದಾಟದಂತೆ ಬೋಳು ಮಾಡಿದ ಪಟ್ಟಿ) ಸವರುವುದು ಆ ಸಂದೇಶಕ್ಕಿಂತ ಮುಖ್ಯ. ನೀವಾಗಿ ಮಾತ್ರ ಬೆಂಕಿ ಹಾಕಬೇಡಿ: ಕಾನೂನಿನಲ್ಲಿ ಅಪರಾಧ. ಹೊಗೆ ಕಂಡರೆ 1926ಕ್ಕೆ ಕರೆ ಮಾಡಿ.