ಬಳ್ಳಿಗಾವೆಯ ಸುಂಕ, ಅಡಿಕೆಯ ಹುಟ್ಟೂರು

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಗೆ ಹೋದವರು ಕೇದಾರೇಶ್ವರನಿಗೆ ಕೈಮುಗಿದು, ಶಾಸನದ ಕಲ್ಲಿನತ್ತ ಕತ್ತೂ ಹೊರಳಿಸದೆ ಬಸ್ಸು ಹತ್ತುತ್ತಾರೆ. ನಾನೂ ಹಾಗೇ ಬಂದವನು. ಬಿ.ಎಲ್. ರೈಸ್ 1902ರಲ್ಲಿ ಹೊರತಂದ ಶಾಸನ ಸಂಗ್ರಹ, ಎಪಿಗ್ರಾಫಿಯಾ ಕರ್ನಾಟಿಕದ ಏಳನೇ ಸಂಪುಟ ತಿರುವುವಾಗಲೇ ಅಯ್ಯಾವೊಳೆಯ ಐನೂರ್ವರು ಎದುರಾದದ್ದು. 11ನೇ ಶತಮಾನದ ಆ ವರ್ತಕರು ತಮ್ಮನ್ನು ತಾವೇ ಹೊಗಳಿಕೊಂಡ ಪರಿ ನೋಡಬೇಕು! ಮಾರಿದ್ದು ಆನೆ, ಕುದುರೆ, ಮುತ್ತು, ಏಲಕ್ಕಿ, ಲವಂಗ, ಕಸ್ತೂರಿ. ಸುತ್ತಿದ್ದು ಚೇರ, ಚೋಳ, ಪಾಂಡ್ಯ, ಮಗಧ. ಜಂಬ ಇದೆ, ಇರಲಿ. ಪೆರ್ಜುಂಕ, ವಡ್ಡರಾವುಳ ಎಂಬ ಸುಂಕಗಳ ಕಾಲ ಅದು. ಸುಂಕ ಬಿಡುವುದು ಅರಸನ ಮರ್ಜಿ.

ಈಗ ಮರ್ಜಿಯ ಜಾಗಕ್ಕೆ ಎರಡು ದೇಶಗಳ ಒಪ್ಪಂದ ಬಂದಿದೆ. ಭಾರತ–ಯುಎಇ ವ್ಯಾಪಾರ ಒಪ್ಪಂದ 2022ರ ಮೇ 1ರಂದು ಜಾರಿಯಾಯಿತು. ಸೊರಬದ ಅಡಿಕೆ ಹಾಳೆಯ ತಟ್ಟೆ ದುಬೈಗೆ ಹೊರಟಿತೆನ್ನಿ. ಮಾರುವವರು ಮೊದಲು ತಟ್ಟೆಯ ಸುಂಕ ಸಂಕೇತ ಹುಡುಕಬೇಕು, ಅದು ರಿಯಾಯಿತಿ ಪಟ್ಟಿಯಲ್ಲಿದೆಯೇ ನೋಡಬೇಕು. ಆಮೇಲೆ, ಸರಕು ಇಲ್ಲೇ ಹುಟ್ಟಿದ್ದು ಎನ್ನುವ ಮೂಲ ಪ್ರಮಾಣಪತ್ರ ಪಡೆಯಬೇಕು. ಸುಂಕ ಉಳಿಯುವುದು ಮಾತ್ರ ದುಬೈಯ ಕೊಳ್ಳುವವನಿಗೆ. ಅದರಲ್ಲಿ ನಮ್ಮವರಿಗೆಷ್ಟು ಎಂಬುದು ಚೌಕಾಸಿಯ ಮಾತು. ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಆದರೆ ಈ ಹುಟ್ಟೂರಿನ ಪತ್ರ ನಮ್ಮ ಸೀಮೆಯ ಕಿವಿಗೆ ಬಿದ್ದದ್ದು ಹೀಗೆ ಹೋಗುವ ಸರಕಿನಿಂದಲ್ಲ, ಬರುವ ಅಡಿಕೆಯಿಂದ. 1998ರಲ್ಲಿ ಸಹಿಯಾಗಿ 2000ದಲ್ಲಿ ಜಾರಿಗೆ ಬಂದ ಶ್ರೀಲಂಕಾ ಒಪ್ಪಂದ ಹಿಡಿದು ಇಂಡೊನೇಷ್ಯಾದ ಅಡಿಕೆ ಲಂಕೆಯ ಪತ್ರ ಹೊತ್ತು ಬಂದಿಳಿಯಿತು. ಸಾಮಾನ್ಯ ಆಮದಿಗೆ ನೂರಕ್ಕೆ 100 ಸುಂಕ; ಲಂಕೆಯ ಪತ್ರವಿದ್ದರೆ ರಿಯಾಯಿತಿ. ಆ ಒಂದು ಹಾಳೆಗೆ ಎಷ್ಟು ಬೆಲೆ, ನೀವೇ ಲೆಕ್ಕ ಹಾಕಿ. ಕೊಯ್ಲು ಮಾಡಿ, ಸುಲಿದು, ಬೇಯಿಸಿ, ಒಣಗಿಸಿ ಮಂಡಿಗೆ ಹಾಕುವವರ ಹೊಟ್ಟೆ ಉರಿಯದೆ ಇನ್ನೇನು? 2020ರ ಸೆಪ್ಟೆಂಬರಿನಿಂದ ಹೊಸ ನಿಯಮ: ಪತ್ರವೊಂದೇ ಸಾಲದು, ಮೂಲದ ಪುರಾವೆಯನ್ನು ಆಮದುದಾರರೇ ಐದು ವರ್ಷ ಕಾಪಿಡಬೇಕು.

ಇದರ ಜೊತೆಗೆ ಬೆಲೆಯ ಬೇಲಿ. ಕಿಲೋಗೆ 251 ರೂಪಾಯಿಗಿಂತ ಅಗ್ಗದ ಅಡಿಕೆ ಬರಕೂಡದು ಎಂದಿದ್ದದ್ದು 2023ರ ಫೆಬ್ರುವರಿಯಲ್ಲಿ 351ಕ್ಕೆ ಏರಿತು. ಅದಕ್ಕೂ ಕೆಲವೇ ತಿಂಗಳ ಹಿಂದೆ, ಭೂತಾನಿನ 17,000 ಟನ್ ಹಸಿ ಅಡಿಕೆಗೆ ಆ ಬೇಲಿಯಲ್ಲೊಂದು ಗೇಟು ತೆರೆದಿದ್ದರು. ಐನೂರ್ವರಿದ್ದಿದ್ದರೆ ಕತ್ತೆ, ಕೋಣಗಳ ಸಾಲನ್ನು ಆ ದಾರಿಗೇ ತಿರುಗಿಸುತ್ತಿದ್ದರೇನೋ.