ಎಂಟು ಟ್ರೆಡ್‌ಮಿಲ್, ಇಪ್ಪತ್ತೇಳು ಡಾಲರ್

27 ಡಾಲರ್ 77 ಸೆಂಟ್. ಅಂದಿನ ದರದಲ್ಲಿ ನಮ್ಮ ಸಾವಿರದ ಮುನ್ನೂರು ರೂಪಾಯಿಯೂ ಆಗದು. ಅಂತರ್ಜಾಲದಲ್ಲಿ ಆರು ತಿಂಗಳು ಹಾಡು ಓಡಿದ್ದಕ್ಕೆ ‘ಓಕೆ ಗೋ’ ಎಂಬ ಅಮೆರಿಕದ ರಾಕ್ ತಂಡದ ಖಾತೆಗೆ ರೆಕಾರ್ಡ್ ಕಂಪನಿ ಇಎಂಐ ಜಮಾ ಮಾಡಿದ ಮೊತ್ತ ಇಷ್ಟು. ತಂಡದ ಗಾಯಕ ಡೇಮಿಯನ್ ಕುಲಾಶ್ 2010ರ ಫೆಬ್ರುವರಿಯಲ್ಲಿ ‘ನ್ಯೂಯಾರ್ಕ್ ಟೈಮ್ಸ್’ಗೆ ಬರೆದ ಲೇಖನದಲ್ಲಿ ಈ ಲೆಕ್ಕವನ್ನು ಪೈಸೆ ಬಿಡದೆ ಒಪ್ಪಿಸಿದ್ದರು. ಹಳೆಯದೊಂದು ವಿಡಿಯೊ ಹುಡುಕಲು ಹೋದ ನನಗೆ ಸಿಕ್ಕಿದ್ದು ತಂಡಕ್ಕೂ ಕಂಪನಿಗೂ ನಡೆದ ಈ ಜಗಳ.

ಆ ವಿಡಿಯೊ ‘ಹಿಯರ್ ಇಟ್ ಗೋಸ್ ಅಗೇನ್’. ಎಂಟು ಟ್ರೆಡ್‌ಮಿಲ್, ನಾಲ್ಕರಂತೆ ಎರಡು ಸಾಲು. ಒಂದರ ಪಟ್ಟಿ ಈಚೆ ಉರುಳಿದರೆ ಪಕ್ಕದ್ದು ಆಚೆ. ನಾಲ್ವರು ಗಂಡಸರು ಅವುಗಳ ಮೇಲೆ ಜಾರುತ್ತಾರೆ, ಜಿಗಿಯುತ್ತಾರೆ, ಒಂದರಿಂದ ಇನ್ನೊಂದಕ್ಕೆ ದಾಟುತ್ತಾರೆ. ಮುಖದಲ್ಲಿ ಮಾತ್ರ ಬ್ಯಾಂಕಿನ ಸರದಿಯಲ್ಲಿ ನಿಂತವರ ಗಾಂಭೀರ್ಯ. ಕ್ಯಾಮೆರಾ ಅಲುಗುವುದಿಲ್ಲ, ನಡುವೆ ಎಲ್ಲೂ ಕತ್ತರಿ ಬಿದ್ದಿಲ್ಲ. ಒಬ್ಬನ ಕಾಲು ತಪ್ಪಿತೋ, ಮತ್ತೆ ಮೊದಲಿನಿಂದ. ಹದಿನೇಳು ಸಲ ಕುಣಿಯಬೇಕಾಯಿತಂತೆ. ಕುಣಿತ ಹೆಣೆದವರು ಕುಲಾಶ್ ಅವರ ಸೋದರಿ, ಬಾಲ್‌ರೂಮ್ ನೃತ್ಯಗಾತಿ ಟ್ರಿಶ್ ಸೀ. ಚಿತ್ರೀಕರಣವೂ ಅವರ ಮನೆಯಲ್ಲೇ. ಕಂಪನಿಗೆ ಒಂದು ಮಾತೂ ಹೇಳಿರಲಿಲ್ಲ. 2006ರ ಜುಲೈ 31ರಂದು ಯೂಟ್ಯೂಬಿಗೆ ಏರಿಸಿಬಿಟ್ಟರು.

ಯೂಟ್ಯೂಬ್ ಆಗಿನ್ನೂ ಒಂದೂವರೆ ವರ್ಷದ ಕೂಸು. ನಮ್ಮಲ್ಲದು ಸೈಬರ್ ಕೆಫೆಗಳ ಕಾಲ, ಆರ್ಕುಟ್ ಸ್ಕ್ರ್ಯಾಪುಗಳ ಕಾಲ. ಗಂಟೆಯ ಲೆಕ್ಕದಲ್ಲಿ ದುಡ್ಡು ತೆತ್ತು, ಮೂರು ನಿಮಿಷದ ವಿಡಿಯೊ ತುಂಬಿಕೊಳ್ಳಲು ಕಾಲು ಗಂಟೆ ಕಾಯುತ್ತಿದ್ದೆವು. ಅಷ್ಟು ಕಾದು ನೋಡಿದ್ದನ್ನು ನಾಲ್ಕು ಜನಕ್ಕೆ ಕಳಿಸದೆ ಎದ್ದು ಬರಲು ಮನಸ್ಸಾಗುತ್ತಿರಲಿಲ್ಲ. ಈಗ ಹೆಬ್ಬೆರಳು ಮೊದಲು ಫಾರ್ವರ್ಡ್ ಮಾಡುತ್ತದೆ. ಕಣ್ಣು ನೋಡಿದರೆ ಪುಣ್ಯ.

ಟ್ರೆಡ್‌ಮಿಲ್ ಕುಣಿತವನ್ನು ಜನ ಕೋಟಿಗಟ್ಟಲೆ ಸಲ ನೋಡಿದರು. 2007ರಲ್ಲಿ ಗ್ರ್ಯಾಮಿ ಬಂತು. ಐದು ಖಂಡಗಳಲ್ಲಿ ಏಳುನೂರು ಕಛೇರಿಗಳಾದವು. ಕಂಪನಿಯ ಖಾತೆಯಲ್ಲಿ ತಂಡದ ಹೆಸರಿನೆದುರು ಕೊನೆಗೂ ಲಾಭ ಕಂಡಿತು. ಆಮೇಲೆ ಇಎಂಐಗೆ ಹೊಸ ಲೆಕ್ಕ ಹೊಳೆಯಿತು. ವಿಡಿಯೊವನ್ನು ಯೂಟ್ಯೂಬಿನ ಪುಟದಲ್ಲೇ ನೋಡಿದರೆ ಕಂಪನಿಗೆ ಚೂರುಪಾರು ಕಾಸು. ಯಾರೋ ತಮ್ಮ ಪುಟಕ್ಕೆ ಒಯ್ದು ಅಂಟಿಸಿಕೊಂಡರೆ ಏನೂ ಇಲ್ಲ. ಸರಿ, ಹಾಗೆ ಅಂಟಿಸಿಕೊಳ್ಳುವ ‘ಎಂಬೆಡ್’ ಸೌಲಭ್ಯವನ್ನೇ ಮುಚ್ಚಿತು. ದಿನಕ್ಕೆ ಸುಮಾರು ಹತ್ತು ಸಾವಿರವಿದ್ದ ನೋಟ ಒಂದು ಸಾವಿರದ ಆಸುಪಾಸಿಗೆ ಕುಸಿಯಿತು. ಊರೆಲ್ಲ ಸುತ್ತಿ ಎಲ್ಲರಿಗೂ ಬೇಕಾಗಿದ್ದ ಹುಡುಗನನ್ನು ಕೋಣೆಯಲ್ಲಿ ಕೂಡಿಹಾಕಿ, ಇವನನ್ನು ಯಾಕೆ ಯಾರೂ ಮಾತಾಡಿಸುತ್ತಿಲ್ಲ ಎಂದು ಕೇಳಿದಂತೆ.

ಕಂಪನಿಯದೂ ಒಂದು ನ್ಯಾಯವಿತ್ತೆನ್ನಿ. ಹಾಡಿಗೆ ಬಂಡವಾಳ ಹಾಕಿದ್ದು ಅದು. ಆಗ ಕುತ್ತಿಗೆವರೆಗೆ ಸಾಲದಲ್ಲೂ ಇತ್ತು. ಆದರೂ ನನಗೆ ಸಿಟ್ಟು ಬರುವುದು ಇಲ್ಲೇ. ಹಂಚುವವನೇ ಪುಕ್ಕಟೆ ಪ್ರಚಾರಕ ಎಂಬುದನ್ನು ಮನೆಯ ಟ್ರೆಡ್‌ಮಿಲ್ ಮೇಲೆ ಕುಣಿದ ನಾಲ್ವರು ಕಂಡುಕೊಂಡಿದ್ದರು. ಕೋಟಿಗಟ್ಟಲೆ ವ್ಯವಹಾರದ ಕಂಪನಿಗೆ ಅದು ಕಾಣಲಿಲ್ಲ.

ಕುಲಾಶ್ ಲೇಖನ ಬರೆದ ಮರುತಿಂಗಳು, 2010ರ ಮಾರ್ಚ್‌ನಲ್ಲಿ, ‘ದಿಸ್ ಟೂ ಶಲ್ ಪಾಸ್’ ಹಾಡಿಗೆ ಲಾಸ್ ಏಂಜಲೀಸಿನ ಗೋದಾಮೊಂದರಲ್ಲಿ ಇವರು ಮಾಡಿದ ವಿಡಿಯೊ ಬಂತು. ಆಟಿಕೆ ಲಾರಿಯೊಂದು ಡಾಮಿನೊ ಬಿಲ್ಲೆಗಳನ್ನು ಕೆಡವುತ್ತದೆ. ಅಲ್ಲಿಂದ ಒಂದನ್ನೊಂದು ತಳ್ಳುತ್ತಾ, ಉರುಳಿಸುತ್ತಾ, ಒಡೆಯುತ್ತಾ ಹೋಗಿ ಕೊನೆಗೆ ತಂಡದವರ ಮೈಮೇಲೆಲ್ಲ ಬಣ್ಣ. ಇದನ್ನು ಯಾರು ಬೇಕಾದರೂ ಅಂಟಿಸಿಕೊಳ್ಳಬಹುದಿತ್ತು. ಏಕೆಂದರೆ ಖರ್ಚು ಹೊತ್ತಿದ್ದು ಸ್ಟೇಟ್ ಫಾರ್ಮ್ ಎಂಬ ವಿಮಾ ಕಂಪನಿ. ಅದೇ ತಿಂಗಳು ತಂಡ ಇಎಂಐ ಬಿಟ್ಟು ‘ಪ್ಯಾರಾಕಡೂಟ್’ ಎಂಬ ಸ್ವಂತ ಸಂಸ್ಥೆ ಕಟ್ಟಿತು.

ಆಮೇಲಿನ ವಿಡಿಯೊಗಳಿಗೆ ಒಮ್ಮೆ ಷೆವರ್ಲೆ ಕಾರಿನವರು, ಒಮ್ಮೆ ರಷ್ಯಾದ ಎಸ್7 ವಿಮಾನದವರು ಬೆನ್ನಿಗೆ ನಿಂತರು. ಬರೀ 4.2 ಸೆಕೆಂಡಿನಲ್ಲಿ ಮುಗಿದ ಸಿಡಿತಗಳನ್ನು ನಾಲ್ಕು ನಿಮಿಷಕ್ಕೆ ಹಿಗ್ಗಿಸಿ ತೋರಿಸುವ 2016ರ ‘ದಿ ಒನ್ ಮೊಮೆಂಟ್’ ವಿಡಿಯೊದಲ್ಲಿ ಅವರು ತಿಂದದ್ದು ಮಾರ್ಟನ್ ಕಂಪನಿಯ ಉಪ್ಪು. ಅಕ್ಷರಶಃ ಉಪ್ಪು ಮಾರುವ ಕಂಪನಿಯೇ ಅದು.