ಊರಿನ ಬಸ್ಸು ಹತ್ತಿಸುವ ಮುನ್ನ

ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ನಮ್ಮವರ ಮನೆಗಳಲ್ಲಿ ಯಾರಿಗಾದರೂ ಮನೋರೋಗ ಉಲ್ಬಣಿಸಿದರೆ ಮೊದಲು ನೆನಪಾಗುವುದು ಊರು. ನಿದ್ದೆಗೆಟ್ಟು, ಯಾರೂ ಇಲ್ಲದೆಡೆ ಮಾತಿಗೆ ಉತ್ತರಿಸುತ್ತಿರುವ ಹುಡುಗನನ್ನು ನೆರೆಮನೆಗೆ ಸುದ್ದಿಯಾಗದಂತೆ ರಾತ್ರಿ ಬಸ್ಸಿಗೆ ಹತ್ತಿಸುತ್ತಾರೆ. ದೈವದೇವರ ಮೇಲಿನ ನಂಬಿಕೆ ಇರಲಿ, ಆದರೆ ಅಂಥ ಸ್ಥಿತಿಯಲ್ಲಿ ಅಷ್ಟು ದೂರದ ಪ್ರಯಾಣ ಅಪಾಯಕರ.

1901ರಲ್ಲಿ ಆರಂಭಗೊಂಡ ಸರಕಾರಿ ಪ್ರಾದೇಶಿಕ ಮನೋರುಗ್ಣಾಲಯ ಥಾಣೆಯಲ್ಲೇ ಇದೆ. 'ಥಾಣೆಗೆ ಸೇರಿಸಬೇಕು' ಎಂಬ ಕುಹಕ ಮುಂಬಯಿಯಲ್ಲಿ ಎಷ್ಟು ಹಳೆಯದೆಂದರೆ, ಅಲ್ಲಿ ಚಿಕಿತ್ಸೆ ಸಿಗುತ್ತದೆ ಎಂಬುದೇ ಮರೆತಿದೆ.

ಒಮ್ಮೆ ಸೇರಿಸಿದರೆ ಜೀವನಪೂರ್ತಿ ಅಲ್ಲೇ ಎಂಬ ಭಯ ಹಲವರದು. 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ, ಒಪ್ಪಿಗೆ ಕೊಡುವ ಸ್ಥಿತಿಯಲ್ಲಿಲ್ಲದ ರೋಗಿಯನ್ನು ಪ್ರತಿನಿಧಿಯ ಅರ್ಜಿಯ ಮೇರೆಗೆ, ಇಬ್ಬರು ತಜ್ಞರು ಪ್ರತ್ಯೇಕವಾಗಿ ಪರೀಕ್ಷಿಸಿದ ಬಳಿಕವೇ ದಾಖಲಿಸಬಹುದು. ಅದೂ ಮೊದಲಿಗೆ ಹೆಚ್ಚೆಂದರೆ 30 ದಿನ. ಮುಂದುವರಿಸಲು ಮತ್ತೆ ಪರೀಕ್ಷೆಯಾಗಬೇಕು. ಸರಪಳಿ ಬಿಗಿಯುವಂತಿಲ್ಲ, ಅರಿವಳಿಕೆಯಿಲ್ಲದೆ ವಿದ್ಯುತ್ ಆಘಾತ ಚಿಕಿತ್ಸೆ ಕೊಡುವಂತಿಲ್ಲ.

ಹೋಟೆಲ್ ಕೆಲಸದ ಒಂಟಿ ಹುಡುಗರ ಪಾಡೇನು? ಸಂಬಂಧಿಕರಿಲ್ಲದಿದ್ದರೆ ಆರೈಕೆ ಮಾಡುತ್ತಿರುವವರೂ ಪ್ರತಿನಿಧಿಯಾಗಬಹುದು. ಸಂಘದ ಪದಾಧಿಕಾರಿಗಳು ಇದನ್ನು ತಿಳಿದಿರಬೇಕು. ರೋಗ ಜೋರಾದಾಗ ಕಲಿತ ಹಿಂದಿ, ಮರಾಠಿ ಬಾಯಿಗೆ ಬಾರದೆ ಹೋಗಬಹುದು; ಕನ್ನಡವೋ ತುಳುವೋ ಬಲ್ಲ ಒಬ್ಬರು ಜೊತೆಗಿದ್ದರೆ ವೈದ್ಯರಿಗೂ ಅನುಕೂಲ.

2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಸಲಹೆ ಪಡೆಯಬಹುದು. ಆಸ್ಪತ್ರೆಗೆ ಹೊರಡುವಾಗ ಹಳೆಯ ಚೀಟಿ, ತಿನ್ನುತ್ತಿದ್ದ ಮಾತ್ರೆಗಳು ಕೈಯಲ್ಲಿರಲಿ. ಯಾವಾಗಿನಿಂದ ನಿದ್ದೆಯಿಲ್ಲ, ಮಾತ್ರೆ ಯಾವಾಗ ಬಿಟ್ಟರು ಎಂಬುದನ್ನು ಮುಚ್ಚಿಡದೆ ಹೇಳಿ.